ವಾರಕ್ಕೆ 57 ಗ್ರಾಂ ಬೆಣ್ಣೆ

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಪ್ರೈಮರಿ ಸ್ಕೂಲಿನ ಟೀಚಿಂಗ್ ಅಸಿಸ್ಟೆಂಟ್. ಈ ಟರ್ಮಿನಲ್ಲಿ ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಎರಡನೇ ಮಹಾಯುದ್ಧದ ಪಾಠ. ನಾವು ಉರು ಹೊಡೆದ ಹಾಗೆ ‘ಕಾರಣಗಳು ಮತ್ತು ಪರಿಣಾಮಗಳು’ ಅಲ್ಲ. ಯುದ್ಧ ನಡೀತಿರುವಾಗ ಊರಲ್ಲಿ ಉಳಿದವರು ಏನು ತಿಂದರು, ಎಲ್ಲಿ ಮಲಗಿದರು ಅನ್ನೋದು. ಇಲ್ಲಿ ಅದಕ್ಕೆ ‘ಹೋಮ್ ಫ್ರಂಟ್’ ಅಂತಾರೆ.

ಮೊದಲ ವಾರ ವೇಷ ಹಾಕೋ ದಿನ. 1939ರ ಸೆಪ್ಟೆಂಬರ್ 1ರಿಂದ ಬಾಂಬಿನ ಭಯಕ್ಕೆ ಲಂಡನ್ನಿನಂಥ ಊರುಗಳ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿ ಕಡೆ ಕಳಿಸಿದರು. ಚಿಕ್ಕ ಮಕ್ಕಳ ತಾಯಂದಿರೂ ಸೇರಿ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನ. ತೊಟ್ಟ ಕೋಟ್ ಮೇಲೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕಿನ ರಟ್ಟಿನ ಡಬ್ಬ. ನನ್ನ ಮಗನಿಗೂ ಅಂಥದ್ದೇ ಡಬ್ಬ ಬೇಕಿತ್ತು. ಜೂನ್ ಬಂದರೆ ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತಿದ್ದ ಹಾಗೆ ಬ್ರೌನ್ ಪೇಪರ್ ಅಂಟಿಸಿ ಮಾಡಿಕೊಟ್ಟೆ. ನಿಜ ಹೇಳ್ತೀನಿ, ಆ ದಿನ ನನಗೆ ಅಷ್ಟೇನೂ ಹಿಡಿಸಲಿಲ್ಲ. ಮಕ್ಕಳು ಪಿಕ್ನಿಕ್ಕಿಗೆ ಹೊರಟ ಹಾಗಿದ್ದರು.

ಪಾಠ ತಟ್ಟಿದ್ದು ತಕ್ಕಡಿ ಬಂದ ಮೇಲೆ. 1940ರ ಜನವರಿ 8ಕ್ಕೆ ಇಲ್ಲಿ ರೇಷನ್ ಶುರುವಾಯಿತು, ಮೊದಲು ಬೆಣ್ಣೆ, ಸಕ್ಕರೆ, ಬೇಕನ್ ಅನ್ನೋ ಹಂದಿ ಮಾಂಸಕ್ಕೆ. ಕಡಿಮೆ ಇದ್ದ ಕಾಲದಲ್ಲಿ ಒಬ್ಬರಿಗೆ ಸಿಗುತ್ತಿದ್ದ ಬೆಣ್ಣೆ 57 ಗ್ರಾಂ. ಟೀಚರ್ ಅಷ್ಟನ್ನು ತೂಗಿ ತಟ್ಟೆಯಲ್ಲಿಟ್ಟರು.

“ಇದು ಇವತ್ತಿಗಾ?”

“ವಾರಕ್ಕೆ.”

ಒಬ್ಬ ಹುಡುಗ ಚಾಕು ತಗೊಂಡು ಏಳು ಭಾಗ ಮಾಡಲು ಹೊರಟ. ಶುಕ್ರವಾರದವರೆಗೆ ಚೆನ್ನಾಗೇ ಬಂತು. ಶನಿವಾರ, ಭಾನುವಾರಕ್ಕೆ ಉಗುರಿನಷ್ಟು ಉಳಿಯಿತು. ಪಕ್ಕದ ಹುಡುಗಿ, “ಭಾನುವಾರ ನನ್ನಿಂದಾಗಲ್ಲ” ಅಂತ ಜಗಳಕ್ಕೇ ನಿಂತಳು. ಯುದ್ಧ ಮುಗಿದದ್ದು 1945ಕ್ಕೆ, ಮಿಠಾಯಿಯ ರೇಷನ್ ಹೋಗಿದ್ದು 1953ಕ್ಕೆ ಅಂದಾಗಂತೂ ಇಡೀ ಕ್ಲಾಸಿಗೆ ಅನ್ಯಾಯ ಆದ ಹಾಗೆ ಆಯಿತು.

“ಮಿಸ್, ನೀವು ಮಾಂಸ ತಿನ್ನಲ್ವಲ್ಲ, ನೀವೇನು ಮಾಡ್ತಿದ್ರಿ?” ಅಂತ ಒಬ್ಬಳು ಕೇಳಿದಳು. ಅದಕ್ಕೂ ವ್ಯವಸ್ಥೆ ಇತ್ತು. ಸಸ್ಯಾಹಾರಿ ಅಂತ ಹೆಸರು ಬರೆಸಿ ಮಾಂಸದ ಪಾಲು ಬಿಟ್ಟುಕೊಟ್ಟರೆ ಜಾಸ್ತಿ ಚೀಸ್ ಕೊಡುತ್ತಿದ್ದರು. ಚೀಸಿನಲ್ಲಿ ಹುಳಿ ಮಾಡೋಕಾಗುತ್ತಾ, ಅದು ಬೇರೆ ಮಾತು.

ಸಂಜೆ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ನೆನಪಾಗಿದ್ದು 1965. ದೇಶದಲ್ಲಿ ಧಾನ್ಯ ಸಾಲದು, ಸೋಮವಾರ ರಾತ್ರಿ ಊಟ ಬಿಡಿ ಅಂತ ಶಾಸ್ತ್ರೀಜಿ ಕೇಳಿಕೊಂಡಿದ್ದರು. “ನನಗೇನು, ಸೋಮವಾರ ಹೇಗೂ ಒಪ್ಪೊತ್ತು. ಕಷ್ಟ ಆಗಿದ್ದು ನಿಮ್ಮ ತಾತಂಗೆ” ಅಂತ ನಕ್ಕರು.

ಮಾರನೇ ದಿನ ತೂಗಿದ್ದು ಟೀ ಪುಡಿ, ಅದೂ 57 ಗ್ರಾಂ. ನಮ್ಮನೇಲಿ ಅಷ್ಟು ಎರಡು ದಿನಕ್ಕೂ ಬರಲ್ಲ. ಈ ಟೀ ಎಲ್ಲಿಂದ ಬರ್ತಿತ್ತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಸ್ಸಾಂ, ಸಿಲೋನ್ ಅಂದೆ. ನಮ್ಮ ವರ್ಕ್‌ಶೀಟಿನಲ್ಲಿ ಭಾರತದ ಹೆಸರೇ ಇರಲಿಲ್ಲ. ಟೀಚರನ್ನು ಕೇಳಿ ಹದಿನೈದು ನಿಮಿಷ ತಗೊಂಡೆ. ಮ್ಯಾಪಿನಲ್ಲಿ ಬರ್ಮಾ ತೋರಿಸಿದೆ. 1942ರಲ್ಲಿ ಅದು ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬಂಗಾಳದಲ್ಲಿ ಅಕ್ಕಿಯ ಬೆಲೆ ಬಡವರ ಕೈಗೆ ಸಿಗದಷ್ಟು ಏರಿತು. ಜಪಾನಿನವರ ಕೈಗೆ ಸಿಗಬಾರದು ಅಂತ ಸರ್ಕಾರ ಅಲ್ಲಿನ ನಾಡದೋಣಿಗಳನ್ನೂ ಕಿತ್ತುಕೊಂಡಿತ್ತು. 1943ರ ಆ ಕ್ಷಾಮದಲ್ಲಿ ಸತ್ತವರು 30 ಲಕ್ಷದವರೆಗೂ ಇರಬಹುದು ಅಂತಾರೆ. ಅದೇ ಯುದ್ಧ, ಅದೇ ಬ್ರಿಟಿಷ್ ಸರ್ಕಾರ.

ಭಾನುವಾರದ ಬೆಣ್ಣೆಗೆ ಜಗಳ ಆಡಿದ ಹುಡುಗಿ ಕೈ ಎತ್ತಿದಳು. “ಅವರಿಗೆ ರೇಷನ್ ಬುಕ್ ಇರಲಿಲ್ವಾ, ಮಿಸ್?”

ಹಳ್ಳಿಯವರಿಗೆ ಇರಲಿಲ್ಲ ಅಂದೆ. ಅವಳು ತನ್ನ ಡೆಸ್ಕ್ ಮೇಲಿದ್ದ ರಟ್ಟಿನ ರೇಷನ್ ಬುಕ್ಕನ್ನು ಒಮ್ಮೆ ತಿರುಗಿಸಿ ನೋಡಿ ಬ್ಯಾಗಿಗೆ ಹಾಕಿಕೊಂಡಳು.