ಸೆಬುವಿನ ಅಜ್ಜಿ ಕುಣಿದ ಪ್ರಾರ್ಥನೆ

ಜನವರಿಯ ಮೂರನೇ ಭಾನುವಾರ ಬಂತೆಂದರೆ ಫಿಲಿಪ್ಪೀನ್ಸ್‌ನ ಸೆಬು ನಗರಕ್ಕೆ ನಗರವೇ ಬೀದಿಗೆ ಬರುತ್ತದೆ. ಅವತ್ತು ಸಾಂತೋ ನೀನ್ಯೋ, ಅಂದರೆ ಬಾಲಯೇಸುವಿನ ಹಬ್ಬ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಮುಂದೆ ಗುರುವಾರದ ನೊವೆನಾ ಪ್ರಾರ್ಥನೆ ಹೇಳಿಕೊಂಡು ಬೆಳೆದವಳು ನಾನು. ಗಲ್ಫ್‌ನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿ ಈ ಸಲ ತನ್ನೂರಿನ ಹಬ್ಬಕ್ಕೆ ಕರೆದುಕೊಂಡು ಹೋದಳು. ಎಲ್ಲಾ ಸ್ವಾಮಿಯ ಕೃಪೆ.

ಡೋಲು, ಬಣ್ಣದ ಬಟ್ಟೆ, ಮೆರವಣಿಗೆ ಎಲ್ಲಾ ನೋಡಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಗೆಳತಿಯ ಅಜ್ಜಿಯ ಪಾದಗಳು. ಬಾಲಯೇಸುವಿನ ದೊಡ್ಡ ಚರ್ಚು ಬಸಿಲಿಕಾದ ಅಂಗಳದಲ್ಲಿ ಅವರು ನಿಂತಿದ್ದರು. ಸವೆದ ರಬ್ಬರ್ ಚಪ್ಪಲಿ, ಒಡೆದ ಹಿಮ್ಮಡಿ, ಸೊಟ್ಟಗಾದ ಬೆರಳು. ಕೈಯಲ್ಲಿ ಕೆಂಪು ಮೇಣದ ಬತ್ತಿಗಳು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮತ್ತೆ ಎರಡು ಮುಂದೆ. ಮಂಡಿ ನೋವಿದ್ದರೂ ತಾಳ ತಪ್ಪಲಿಲ್ಲ. ಮಕ್ಕಳು ಮೊಮ್ಮಕ್ಕಳ ಹೆಸರು ಒಂದೊಂದೇ ಹೇಳುತ್ತಾ, ಪ್ರತಿ ಹೆಸರಿಗೂ ಬತ್ತಿ ಎತ್ತಿ, "ಪಿತ್ ಸೆನ್ಯೋರ್!" ಅಂತ ಸ್ವಾಮಿಯನ್ನು ಕೂಗುತ್ತಿದ್ದರು. ಕೊನೆಗೆ ನನ್ನ ಹೆಸರೂ ಬಂತು. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ.

ಈ ಕುಣಿತದ ಪ್ರಾರ್ಥನೆಯೇ ಸಿನುಲೋಗ್. ಅಲ್ಲಿ ಬತ್ತಿ ಮಾರುವ ಹೆಂಗಸರೂ ನಮ್ಮ ಹೆಸರು ಕೇಳಿ, ನಮಗಾಗಿ ಹೀಗೇ ಕುಣಿದು ಬೇಡಿಕೊಳ್ಳುತ್ತಾರೆ.

1521ರಲ್ಲಿ ಸ್ಪೇನಿನ ಹಡಗುಗಳ ನಾಯಕ ಮೆಗಲನ್ ಬಂದಾಗ ಸೆಬುವಿನ ರಾಜ ಹುಮಾಬೋನ್‌ನ ಹೆಂಡತಿ ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿ, ಹ್ವಾನಾ ಎಂಬ ಹೆಸರು ಪಡೆದಳು. ಆಗ ಆಕೆಗೆ ಸಿಕ್ಕ ಕಾಣಿಕೆಯೇ ಬಾಲಯೇಸುವಿನ ಈ ಪುಟ್ಟ ಸ್ವರೂಪ, ಅಂದರೆ ಪ್ರತಿಮೆ. ಅದೇ ವರ್ಷ ಏಪ್ರಿಲ್ 27ಕ್ಕೆ ಎದುರಿನ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪು-ಲಾಪುವಿನ ಜನ ಮೆಗಲನ್‌ನನ್ನು ಕೊಂದರು. ಉಳಿದ ಸ್ಪೇನಿನವರು ಹಡಗು ಹತ್ತಿ ಹೋದರು. ಮತ್ತೆ ಸ್ಪೇನಿನ ಲೆಗಾಸ್ಪಿಯ ಪಡೆ ಬಂದು ಇಲ್ಲಿ ನೆಲೆಯೂರಿದ್ದು 1565ರಲ್ಲಿ. ಆಗ ಊರಿಗೆ ಬೆಂಕಿ ಬಿದ್ದಿತ್ತು. ಒಂದು ಮನೆಯಲ್ಲಿ, ಪೆಟ್ಟಿಗೆಯೊಳಗೆ, ಬಾಲಯೇಸುವಿನ ಸ್ವರೂಪ ಹಾಗೇ ಸಿಕ್ಕಿತು. 44 ವರ್ಷ! ಪಾದ್ರಿಗಳಿಲ್ಲ, ಚರ್ಚಿನ ಬಲಿಪೂಜೆಯಿಲ್ಲ. ಆದರೂ ಊರಿನವರು ಬಿಡಲಿಲ್ಲ. ಅಷ್ಟೂ ವರ್ಷ ಅದರ ಮುಂದೆ ಕುಣಿದೇ ಬೇಡಿಕೊಂಡರು ಅನ್ನೋದು ಅಲ್ಲಿಯವರ ನಂಬಿಕೆ. ನಾನೂ ನಂಬುತ್ತೇನೆ.

ಅಜ್ಜಿಗೆ ಲಾಪು-ಲಾಪು ಅಂದರೂ ಹೆಮ್ಮೆ, ಬಾಲಯೇಸು ಅಂದರೂ ಹೆಮ್ಮೆ. "ಕೊಟ್ಟವರು ಹೊರಟುಹೋದರು, ನೋಡಿಕೊಂಡವರು ನಾವು" ಅಂದರು. ಹೊರಗಿನವರು ತಂದ ದೇವರು ಅಂತ ಯಾರಾದರೂ ಅಂದರೆ ಈ ಮಾತು ಸಾಕಲ್ವಾ?

ಹಬ್ಬದ ಮುಂದಿನ ಶುಕ್ರವಾರ ನಸುಕಿನಲ್ಲಿ ಹುಬೋ ಎಂಬ ಆಚರಣೆ ನಡೆಯುತ್ತದೆ. ಕಿರೀಟ, ರಾಜದಂಡ, ಮೇಲುಹೊದಿಕೆ ಒಂದೊಂದಾಗಿ ತೆಗೆದು, ಬಾಲಯೇಸುವನ್ನು ಪರಿಮಳದ ನೀರಲ್ಲಿ ಮೀಯಿಸಿ, ಸಾದಾ ಬಟ್ಟೆ ಉಡಿಸುತ್ತಾರೆ. ಎಣ್ಣೆಸ್ನಾನ ಮುಗಿಸಿ ತೊಟ್ಟಿಲಿಗೆ ಹಾಕುವ ಕೂಸಿನ ಹಾಗೆ. ವರ್ಷವಿಡೀ ರಾಜ, ಅವತ್ತು ಮಾತ್ರ ಬಡವರ ಮನೆ ಮಗು.

ಗಲ್ಫ್‌ನಲ್ಲಿ ಫಿಲಿಪ್ಪೀನ್ಸ್‌ನವರು ಅಂದರೆ ಸುಮ್ನೆ ಮನೆಗೆಲಸದವರು ಅಂತ ತಾತ್ಸಾರ ಮಾಡುವವರನ್ನು ಕಂಡಿದ್ದೇನೆ, ನಮ್ಮವರೂ ಅದರಲ್ಲಿದ್ದಾರೆ. ಬೇಜಾರಾಗುತ್ತದೆ. ಅವರ ಬಂಕ್ ಮಂಚದ ತಲೆದೆಸೆಯಲ್ಲಿ ಕೆಂಪಂಗಿಯ ಸಾಂತೋ ನೀನ್ಯೋ ಇರುತ್ತಾನೆ. ನೈಟ್ ಡ್ಯೂಟಿ ಮುಗಿಸಿ ಬಂದವರು ಅವನಿಗೆ ಕೈಮುಗಿಯದೆ ಮಲಗುವುದಿಲ್ಲ. ಇತ್ತ ನಮ್ಮ ಮನೆಗಳಲ್ಲಿ ನೊವೆನಾ ವಾಟ್ಸಾಪ್‌ನಲ್ಲಿ ಬರುತ್ತದೆ, ಹಾಗೇ ಮುಂದಕ್ಕೆ ಹೋಗುತ್ತದೆ. ಮೊಣಕಾಲೂರಿ ಹೇಳುವವರು ಕಡಿಮೆಯಾಗಿದ್ದಾರೆ. ನನ್ನ ಗೆಳತಿಯ ಮಗಳು ಹುಟ್ಟಿದ್ದು ಮರಳುಗಾಡಿನಲ್ಲಿ. ಆದರೂ ಆ ಹೆಜ್ಜೆ ಅವಳಿಗೆ ಗೊತ್ತು, ಅಮ್ಮ ಅಡುಗೆಮನೆಯಲ್ಲೇ ಕಲಿಸಿದ್ದಾಳೆ.

ನೀವೂ ಗಲ್ಫ್‌ನಲ್ಲಿದ್ದರೆ, ಅಕ್ಕಪಕ್ಕದ ಫಿಲಿಪ್ಪೀನ್ಸ್‌ನವರು ಸಿನುಲೋಗ್‌ಗೆ ಕರೆದರೆ, ದಯವಿಟ್ಟು ಹೋಗಿ. ಹೆಜ್ಜೆ ಅವರೇ ಹೇಳಿಕೊಡುತ್ತಾರೆ. ಮನೆಯವರೆಲ್ಲರ ಹೆಸರನ್ನೂ ಹೇಳಿ ಬನ್ನಿ.