ಏಳು ಶನಿವಾರಗಳ ಸಂತೆ

ಬಿಳಿ ಬೋರ್ಡಿನ ಮೇಲೆ ಏಳು ತಾರೀಖು ಬರೆದಿತ್ತು. ಸೆಪ್ಟೆಂಬರ್ 2, 9, 16, 23, 30. ಅಕ್ಟೋಬರ್ 7, 14. ಏಳೂ ಶನಿವಾರ. 2017ರ ಮೇ ತಿಂಗಳು, ಮ್ಯಾಸಚೂಸೆಟ್ಸ್‌ನ ಒಂದು ಕಾಲೇಜಿನ ಕ್ಲಾಸ್‌ರೂಮು. ಮೇಜಿನ ಸುತ್ತ ಹದಿನೈದು ಜನ, ಮಧ್ಯೆ ಆರಿಹೋದ ಪಿಜ್ಜಾ. ಆ ಏಳು ಶನಿವಾರಗಳನ್ನು ಜಗಳ ಆಡದೆ ಹಂಚಿಕೊಂಡು ಏಳಬೇಕಿತ್ತು. ಕಾಲೇಜುಗಳ ಮೌಂಟನ್ ಬೈಕ್ ರೇಸು ಶುರುವಾಗೋದು ಹೀಗೆ. ಕಾಡಲ್ಲಲ್ಲ, ಬೋರ್ಡಿನ ಮುಂದೆ.

ನಾನು ಅಲ್ಲಿ ಯಾಕಿದ್ದೆ ಅಂತ ಹೇಳಿಬಿಡ್ತೀನಿ. ಪಿಎಚ್‌ಡಿ ಮಾಡೋಕೆ ಹೋದವನು ಕ್ಯಾಂಪಸ್ಸಿನ ಸೈಕ್ಲಿಂಗ್ ಕ್ಲಬ್ ಸೇರಿದ್ದೆ. ಎ, ಬಿ, ಸಿ ಅಂತ ಮೂರು ದರ್ಜೆ ಇರುತ್ತೆ. ನಾನು ಸಿ. ಅದರಲ್ಲೂ ಬಾಲದ ಕಡೆ. ಆದರೆ ಬೇಸಿಗೆ ರಜೆಯಲ್ಲಿ ಊರು ಬಿಟ್ಟು ಹೋಗದ ಮೆಂಬರ್ ನಾನೊಬ್ಬನೇ. ಜೊತೆಗೆ ಎಕ್ಸೆಲ್ ಬರುತ್ತೆ. ಕ್ಲಬ್ಬಿನ ಅಧ್ಯಕ್ಷ ಆಗೋಕೆ ಅಷ್ಟು ಸಾಕಾಯಿತು.

ಅಲ್ಲಿ ಯೂನಿವರ್ಸಿಟಿಯನ್ನೂ 'ಸ್ಕೂಲ್' ಅಂತಲೇ ಕರೆಯೋದು. ರೇಸ್ ನಡೆಸುವ ಕಾಲೇಜು 'ಹೋಸ್ಟ್ ಸ್ಕೂಲ್'. ಒಂದು ಸಲ ಫೋನಲ್ಲಿ ಅಮ್ಮನಿಗೆ "ಈ ಸಲ ನಮ್ಮ ಸ್ಕೂಲೇ ರೇಸ್ ಮಾಡ್ತಿದೆ" ಅಂದೆ. "ಅಲ್ಲ ಕಣೋ, ಡಾಕ್ಟರೇಟ್ ಮಾಡ್ತೀನಿ ಅಂತ ಹೋಗಿ ಸ್ಕೂಲಿಗೆ ಸೇರ್ಕೊಂಡ್ಯಾ?" ಅಂದಳು. ತಮಾಷೆಗೆ ಅಂದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ನೋಡಿಕೊಳ್ಳೋದು ಎನ್‌ಸಿಎಎ ಅನ್ನೋ ಸಂಸ್ಥೆ. ಸೈಕಲ್ ರೇಸು ಅವರ ಕೈಲಿಲ್ಲ. ಅದನ್ನು ಯುಎಸ್‌ಎ ಸೈಕ್ಲಿಂಗ್ ನಡೆಸುತ್ತೆ. ದೇಶವನ್ನು ಕಾನ್ಫರೆನ್ಸ್ ಅಂತ ಭಾಗ ಮಾಡಿದ್ದಾರೆ. ಒಂದೊಂದು ಭಾಗದ ಕಾಲೇಜುಗಳು ತಮ್ಮ ತಮ್ಮಲ್ಲೇ ರೇಸ್ ಹಂಚಿಕೊಳ್ಳಬೇಕು. ಅಕ್ಟೋಬರ್ ಕೊನೆಯ ಹೊತ್ತಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್. ಕೊಲೊರಾಡೊದ ಡ್ಯುರಾಂಗೊದಲ್ಲಿ ಫೋರ್ಟ್ ಲೂಯಿಸ್ ಕಾಲೇಜ್ ಇದೆ. ಅಂಥ ಕಡೆ ಕೋಚ್, ಸ್ಕಾಲರ್‌ಶಿಪ್ ಎಲ್ಲ ಇರುತ್ತೆ. ನಮ್ಮ ಈಶಾನ್ಯದ ಕಡೆ ಜಾಸ್ತಿ ಇರೋದು ನಮ್ಮಂಥ ಹುಡುಗರ ಕ್ಲಬ್ಬುಗಳು. ರೇಸ್ ಓಡೋರೂ ನಾವೇ, ರೇಸ್ ನಡೆಸೋರೂ ನಾವೇ, ಕಸ ಎತ್ತೋರೂ ನಾವೇ.

ನನಗೆ ಆ ಬೋರ್ಡ್ ನೋಡಿದ ತಕ್ಷಣ ನೆನಪಾಗಿದ್ದು ಸಂತೆ. ಹಾಸನದ ಕಡೆ ನಮ್ಮಜ್ಜಿ ಊರಲ್ಲಿ ಸೋಮವಾರ ಸಂತೆ. ಆಚೆ ಊರಲ್ಲಿ ಮಂಗಳವಾರ, ಅದರಾಚೆ ಗುರುವಾರ. ಬಳೆಯವನು, ಪುರಿ ಮಾರೋನು, ಕತ್ತಿಗೆ ಸಾಣೆ ಹಿಡಿಯೋನು ಎಲ್ಲ ಕಡೆಯೂ ಅವರೇ. ಎರಡೂರು ಒಂದೇ ದಿನ ಸಂತೆ ಕಟ್ಟಿದರೆ ಇಬ್ಬರಿಗೂ ನಷ್ಟ. ಇಲ್ಲೂ ಅದೇ ಲೆಕ್ಕ. ಟೈಮಿಂಗ್ ಸಾಮಾನು, ಟೆಂಟು, ಕೋರ್ಸ್ ಟೇಪು, ತೀರ್ಪುಗಾರರು ಎಲ್ಲ ಒಂದೇ ಸೆಟ್ಟು. ಅದು ವಾರವಾರ ಊರಿಂದ ಊರಿಗೆ ಹೋಗಬೇಕು. ಹುಡುಗರೂ ಅವರೇ. ವ್ಯತ್ಯಾಸ ಇಷ್ಟೇ, ಸಂತೆಗೆ ವರ್ಷವಿಡೀ ವಾರ ಇದೆ. ನಮಗಿದ್ದದ್ದು ಏಳೇ ಶನಿವಾರ.

ಏಳು ಅಂದರೂ ಏಳಿಲ್ಲ. ಸೆಪ್ಟೆಂಬರ್ 2 ಮೊದಲ ಐದು ನಿಮಿಷದಲ್ಲೇ ಅಳಿಸಿಹೋಯಿತು. ಸೋಮವಾರ ಲೇಬರ್ ಡೇ ರಜೆ. ಹೊಸ ಹುಡುಗರು ಆಗಷ್ಟೇ ಹಾಸ್ಟೆಲ್ಲಿಗೆ ಸಾಮಾನು ಇಳಿಸ್ತಿರ್ತಾರೆ. ಕ್ವಾರ್ಟರ್ ಪದ್ಧತಿಯ ಕಾಲೇಜಿನವಳು, "ನಮಗೆ ಕ್ಲಾಸು ಶುರುವಾಗೋದೇ ಸೆಪ್ಟೆಂಬರ್ ಮಧ್ಯಕ್ಕೆ. ಆಗ ನಮ್ಮ ಟೀಮ್ ಅಂದ್ರೆ ನಾನು, ನನ್ನ ನಾಯಿ" ಅಂದಳು.

ನನಗೆ ಬೇಕಿದ್ದದ್ದು 23. ಹವೆ ಚೆನ್ನಾಗಿರುತ್ತೆ, ಹುಡುಗರಿಗೆ ಅಷ್ಟೊತ್ತಿಗೆ ಮೈ ಪಳಗಿರುತ್ತೆ. ಅದು ಸಿಕ್ಕೇ ಸಿಗುತ್ತೆ ಅಂತ ನಂಬಿ ಟಾಯ್ಲೆಟ್ ಬಾಡಿಗೆಯವರಿಗೆ ಆಗಲೇ ಫೋನ್ ಮಾಡಿ ಹೇಳಿಟ್ಟಿದ್ದೆ. ಆದರೆ ಪೆನ್ಸಿಲ್ವೇನಿಯಾದ ಹುಡುಗ ಒಂದು ಹಾಳೆ ತೆಗೆದ. ಅದು ಅಲ್ಲಿನ ಪೆನ್ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮಿನ ವೇಳಾಪಟ್ಟಿ. ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಮೀರಿ ಜನ ಕೂರ್ತಾರೆ. ಅಲ್ಲಿ ಆಟ ಇದ್ದ ದಿನ ಆ ಸೀಮೆಯಲ್ಲಿ ಹೋಟೆಲ್ ರೂಮು ಅಂದರೆ ಚಿನ್ನ. 2, 9, 16, 30, ಈ ನಾಲ್ಕೂ ಶನಿವಾರ ಆಟ ಅಲ್ಲೇ. 23ರಂದು ಮಾತ್ರ ಟೀಮು ಅಯೋವಾಕ್ಕೆ ಹೋಗುತ್ತೆ. "ಸೆಪ್ಟೆಂಬರಲ್ಲಿ ನಮಗೆ ಇದೊಂದೇ ದಿನ" ಅಂದ. ನಮ್ಮ ಕ್ಯಾಂಪಸ್ಸಿನಲ್ಲಿ ಫುಟ್‌ಬಾಲ್ ನೋಡೋಕೆ ಬರೋದು ಆಟಗಾರರ ಅಪ್ಪ ಅಮ್ಮ ಮಾತ್ರ. ನಾನು ಸುಮ್ಮನಾದೆ.

ಆಮೇಲೆ ಹತ್ತೋರಿಗೂ ಇಳಿಯೋರಿಗೂ ಜಗಳ ಹತ್ತಿಕೊಂಡಿತು. ಇದು ಪ್ರತಿ ವರ್ಷದ್ದಂತೆ. ನಾಲ್ಕು ಥರದ ರೇಸು ಇರುತ್ತೆ. ಕ್ರಾಸ್ ಕಂಟ್ರಿ ಅಂದರೆ ಕಾಡಿನ ದಾರಿಯಲ್ಲಿ ಸುತ್ತು ಹೊಡೆಯೋದು, ಎ ದರ್ಜೆಯವರಿಗೆ ಹೆಚ್ಚು ಕಡಿಮೆ ಒಂದೂವರೆ ಗಂಟೆ. ಶಾರ್ಟ್ ಟ್ರ್ಯಾಕ್ ಸಣ್ಣ ಸುತ್ತು, ಇಪ್ಪತ್ತು ಮೂವತ್ತು ನಿಮಿಷ, ಎದೆ ಒಡೆಯುವಷ್ಟು ಜೋರು. ಡೌನ್‌ಹಿಲ್‌ನಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಗುಡ್ಡ ಇಳಿಯಬೇಕು. ಡ್ಯುಯಲ್ ಸ್ಲಾಲಮ್‌ನಲ್ಲಿ ಅಕ್ಕಪಕ್ಕದ ಎರಡು ದಾರಿಯಲ್ಲಿ ಇಬ್ಬರು ಇಳೀತಾರೆ, ಆಮೇಲೆ ದಾರಿ ಅದಲು ಬದಲು. ಮೊದಲೆರಡು ಹತ್ತೋರದ್ದು, ಕೊನೆಯೆರಡು ಇಳಿಯೋರದ್ದು. ಟೀಮಿನ ಪಾಯಿಂಟು ನಾಲ್ಕೂ ಸೇರಿಸಿ.

ಇಳಿಯೋರಿಗೆ ಸೈಕಲ್ ಸಮೇತ ಗುಡ್ಡದ ಮೇಲಕ್ಕೆ ಒಯ್ಯೋ ಲಿಫ್ಟ್ ಬೇಕು. ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ಸ್‌ನ ಪ್ಲಾಟೆಕಿಲ್, ನ್ಯೂ ಹ್ಯಾಂಪ್‌ಶೈರ್‌ನ ಹೈಲ್ಯಾಂಡ್ ಥರದ ಗುಡ್ಡ. ಹೈಲ್ಯಾಂಡ್ ಹಿಂದೆ ಸ್ಕೀ ಗುಡ್ಡ, ಈಗ ಬರೀ ಸೈಕಲ್ಲಿಗೇ ಇರೋದು. ಲಿಫ್ಟ್ ಓಡಿಸೋರಿಗೆ ದುಡ್ಡು ಕೊಡಬೇಕು, ಮೇಲಿಂದ ಕೆಳಗಿನವರೆಗೂ ಫಸ್ಟ್ ಏಡ್‌ನವರು ನಿಲ್ಲಬೇಕು. ನಮ್ಮ ಹತ್ತಿರ ಇದ್ದದ್ದು ಒಂದು ದಿಬ್ಬ. ಚಾಮುಂಡಿ ಬೆಟ್ಟದ ಕಾಲು ಭಾಗವೂ ಇಲ್ಲ. "ನಿಮ್ಮೂರಿಗೆ ನಾವು ಬಂದು ಏನು ಮಾಡೋಣ, ಪಿಕ್‌ನಿಕ್ಕಾ?" ಅಂತ ಒಬ್ಬ ಕೇಳಿದ. ಬೆನ್ನ ಮೇಲೆ ಹಲಗೆ ಥರ ಪ್ಯಾಡು, ಇಡೀ ಮುಖ ಮುಚ್ಚುವ ಹೆಲ್ಮೆಟ್ಟು ಹಾಕಿಕೊಂಡು ಕಲ್ಲಿಂದ ಕಲ್ಲಿಗೆ ಹಾರೋ ಹುಡುಗ ಅವನು. ಅವನ ಮಾತಲ್ಲಿ ನ್ಯಾಯ ಇತ್ತು. ಕೊನೆಗೆ ಲಿಫ್ಟ್ ಇರೋ ಎರಡು ಕಡೆ ಇಳಿಯೋರಿಗೆ ಒಂದೊಂದು ರೇಸು ಜಾಸ್ತಿ, ನಮ್ಮಲ್ಲಿ ಹತ್ತೋರದ್ದು ಮಾತ್ರ ಅಂತ ತೀರ್ಮಾನ ಆಯಿತು. ಇದಕ್ಕೇ ಒಂದೂವರೆ ಗಂಟೆ ಹಿಡಿಯಿತು.

ಅಕ್ಟೋಬರ್ 7 ಯಾರಿಗೂ ಬೇಡ. ಸೋಮವಾರ ಕೊಲಂಬಸ್ ಡೇ ರಜೆ. ಆಗ ನಮ್ಮ ಈಶಾನ್ಯದ ನ್ಯೂ ಇಂಗ್ಲೆಂಡ್ ಸೀಮೆಯ ಕಾಡೆಲ್ಲ ಕೆಂಪು, ಹಳದಿ. ಎಲೆ ನೋಡೋಕೆ ಅಂತಲೇ ಜನ ಕಾರು ಕಟ್ಟಿಕೊಂಡು ಬರ್ತಾರೆ. ಮರದ ಎಲೆ ನೋಡೋಕೆ ಯಾರಾದರೂ ಹೋಟೆಲ್ ಬುಕ್ ಮಾಡ್ತಾರಾ ಅಂತ ಮೊದಲ ವರ್ಷ ನಾನೂ ನಕ್ಕಿದ್ದೆ. ಆಮೇಲೆ ನೋಡಿದೆ. ಮಾಡಬಹುದು. ವರ್ಮಾಂಟಿನ ಹುಡುಗಿ 14 ತಗೊಂಡಳು. "ಹೋಟೆಲ್ ಮರೆತುಬಿಡಿ, ಸ್ಲೀಪಿಂಗ್ ಬ್ಯಾಗ್ ತನ್ನಿ, ನಮ್ಮ ಮನೆಗಳಲ್ಲೇ ನೆಲದ ಮೇಲೆ ಮಲಗಿ" ಅಂದಳು.

9, 16 ಆಗಲೇ ಬೇರೆಯವರ ಪಾಲಾಗಿದ್ದವು. ಉಳಿದದ್ದು 30. ನಮ್ಮ ಕಾನ್ಫರೆನ್ಸಿನ ಡೈರೆಕ್ಟರ್ ನನ್ನ ಕಡೆ ನೋಡಿದರು. "ಖಾಲಿ ಇದೆ, ತಗೋತೀರಾ?"

ಇಷ್ಟು ಒಳ್ಳೆ ಶನಿವಾರ ಯಾಕೆ ಯಾರೂ ಕೇಳಲಿಲ್ಲ ಅಂತ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. "ಹ್ಞೂಂ" ಅಂದೆ. ಪಕ್ಕದಲ್ಲಿ ನಮ್ಮ ಟೀಮಿನದೇ ಹುಡುಗ ಕೂತಿದ್ದ. ಎ ದರ್ಜೆಯವನು, ನಮ್ಮ ಕಾಡಿನ ದಾರಿಯ ಒಂದೊಂದು ಬೇರೂ ಅವನಿಗೆ ಗೊತ್ತು. ಅವನಿಲ್ಲದೆ ನಮಗೆ ಕೋರ್ಸೇ ಇಲ್ಲ. ಅವನು ಮೆಲ್ಲಗೆ ಹೇಳಿದ, "ಅವತ್ತು ನಾನು ಬರೋಕಾಗಲ್ಲ. ಯೋಮ್ ಕಿಪ್ಪುರ್."

ಯಹೂದಿಗಳಿಗೆ ವರ್ಷದಲ್ಲೇ ದೊಡ್ಡ ದಿನ ಅದು. ಹಿಂದಿನ ದಿನ ಸೂರ್ಯ ಮುಳುಗೋದಕ್ಕಿಂತ ಮುಂಚೆ ಶುರುವಾಗಿ ಮರುದಿನ ಕತ್ತಲಾಗೋವರೆಗೆ ಉಪವಾಸ. ನೀರೂ ಇಲ್ಲ. ರೂಮು ಸುಮ್ಮನಾಯಿತು. ಬೇರೆ ಎರಡು ಮೂರು ಟೀಮಿನವರೂ ತಲೆ ಆಡಿಸಿದರು. ಅವರಿಗೂ ಅದೇ ತೊಂದರೆ. ಫುಟ್‌ಬಾಲ್ ವೇಳಾಪಟ್ಟಿ ಎಲ್ಲರ ಹತ್ತಿರ ಇತ್ತು, ಇದು ಯಾರ ಹತ್ತಿರವೂ ಇರಲಿಲ್ಲ.

ನನಗೆ ನಾಚಿಕೆಯಾಗಿ ಫೋನ್ ತೆಗೆದು ಕ್ಯಾಲೆಂಡರ್ ನೋಡಿದೆ. ಇನ್ನೇನಾದರೂ ಇದೆಯಾ ಅಂತ. ಇತ್ತು. ಸೆಪ್ಟೆಂಬರ್ 30, ವಿಜಯದಶಮಿ. ಮೈಸೂರಲ್ಲಿ ಅವತ್ತೇ ಜಂಬೂಸವಾರಿ. ಎರಡೂ ಹಬ್ಬ ಚಂದ್ರನ ಲೆಕ್ಕದ್ದು. ಅವರದ್ದು ತಿಶ್ರಿ ತಿಂಗಳ ಹತ್ತನೇ ದಿನ, ನಮ್ಮದು ಆಶ್ವಯುಜದ ದಶಮಿ. ಆ ವರ್ಷ ಎರಡೂ ಬಂದು ನನ್ನ ರೇಸಿನ ತಲೆ ಮೇಲೆ ಕೂತಿದ್ದವು.

ಹೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವನು ಕೇಳಿದ್ದಕ್ಕೇ ಎಲ್ಲರೂ ಪೆನ್ನು ಕಚ್ಚಿಕೊಂಡು ಕೂತಿದ್ದರು. ಇನ್ನೊಂದು ಹಬ್ಬ ತಂದು ಮೇಜಿನ ಮೇಲೆ ಇಡೋಕೆ ಧೈರ್ಯ ಬರಲಿಲ್ಲ.

ಡೈರೆಕ್ಟರ್ ಒಂದು ದಾರಿ ಹುಡುಕಿದರು. ನಮ್ಮಲ್ಲಿ ಸಾಮಾನ್ಯವಾಗಿ ಕ್ರಾಸ್ ಕಂಟ್ರಿ ಶನಿವಾರ, ಶಾರ್ಟ್ ಟ್ರ್ಯಾಕ್ ಭಾನುವಾರ. ಅದನ್ನು ತಿರುಗಿಸಿದರು. ದೊಡ್ಡ ರೇಸು ಭಾನುವಾರ. ಪೆನ್ಸಿಲ್ವೇನಿಯಾದ ಹುಡುಗ ನಿಟ್ಟುಸಿರು ಬಿಟ್ಟ. ಸಣ್ಣ ರೇಸು ಕೊನೆಗಿದ್ದರೆ ಅವರು ಭಾನುವಾರ ಮಧ್ಯಾಹ್ನಕ್ಕೇ ಹೊರಡಬಹುದಿತ್ತು. ಈಗ ಸಂಜೆ ಐದು. ಅಲ್ಲಿಂದ ಏಳು ಗಂಟೆ ಡ್ರೈವ್. "ಸೋಮವಾರ ಎಂಟಕ್ಕೆ ನನಗೆ ಲ್ಯಾಬ್ ಇದೆ" ಅಂದ. ಆದರೂ ಕೈ ಎತ್ತಿದ.

ಬೇಸಿಗೆಯೆಲ್ಲ ಕಾಗದದ ಕೆಲಸ. ಯುಎಸ್‌ಎ ಸೈಕ್ಲಿಂಗ್‌ನಿಂದ ಪರ್ಮಿಟ್ ತಗೊಂಡರೆ ವಿಮೆ ಸಿಗುತ್ತೆ. ಆ ವಿಮೆ ಪತ್ರದಲ್ಲಿ ಜಾಗದವರ ಹೆಸರಿರಬೇಕು. ಹೆಸರು ಸರಿಯಾಗಿದೆ ಅಂತ ಯೂನಿವರ್ಸಿಟಿಯವರು ಸಹಿ ಹಾಕಬೇಕು. ಅವರು ಸಹಿ ಹಾಕದೆ ಆಂಬುಲೆನ್ಸ್ ಬುಕ್ ಮಾಡೋ ಹಾಗಿಲ್ಲ. ಟ್ರೇಲ್, ಅಂದರೆ ಕಾಡಿನ ದಾರಿ, ನೋಡಿಕೊಳ್ಳೋ ಸ್ಥಳೀಯರ ಷರತ್ತು ಒಂದೇ: ಜೋರು ಮಳೆ ಬಂದರೆ ರೇಸು ಇಲ್ಲ. ಕೆಸರಲ್ಲಿ ಇನ್ನೂರು ಚಕ್ರ ಹಾದರೆ ದಾರಿ ಗದ್ದೆ ಆಗುತ್ತೆ. ಅದನ್ನು ಸರಿ ಮಾಡೋರು ಅವರೇ.

ಎಲ್ಲ ಸರಿಯಾಗಿ ಮಾಡಿದೆ, ಒಂದನ್ನು ಬಿಟ್ಟು. ಸೆಪ್ಟೆಂಬರ್ 22ರ ಶುಕ್ರವಾರ ಟ್ರೇಲ್‌ನವರ ಫೋನ್. "ಪಾರ್ಕಿಂಗ್ ಜಾಗದ ನಟ್ಟನಡುವೆ ನಾಲ್ಕು ನೀಲಿ ಟಾಯ್ಲೆಟ್ ನಿಂತಿವೆ. ನಿಮ್ಮವಾ?" ನಮ್ಮವೇ. ಮೇ ತಿಂಗಳಲ್ಲಿ 23 ಅಂತ ಹೇಳಿಟ್ಟಿದ್ದೆನಲ್ಲ, ಅದನ್ನು ಬದಲಾಯಿಸಿರಲೇ ಇಲ್ಲ. ವಾಪಸ್ ಒಯ್ದು ಮತ್ತೆ ತಂದರೆ ಎರಡು ಪಟ್ಟು ಬಾಡಿಗೆ. ಅಲ್ಲೇ ಬಿಟ್ಟರೆ ಒಂದು ವಾರದ್ದು. ಬಿಟ್ಟೆವು. ಆ ವಾರ ನಾಯಿ ವಾಕಿಂಗಿಗೆ ಬರೋರೆಲ್ಲ ನಮ್ಮನ್ನು ಹರಸಿರಬೇಕು.

29ರ ಶುಕ್ರವಾರ ಆಯುಧಪೂಜೆ. ಬೆಳಗ್ಗೆಯಿಂದ ಕಾಡಲ್ಲಿ ಟೇಪು ಕಟ್ಟುವ ಕೆಲಸ. ನಮ್ಮ ಎ ದರ್ಜೆಯ ಹುಡುಗ ಮುಂದೆ, ನಾವು ಮೂವರು ಹಿಂದೆ. ಇಲ್ಲಿ ಬಾಣದ ಗುರುತು, ಇಲ್ಲಿ ಎರಡು ಟೇಪು, ಈ ಬೇರಿನ ಹತ್ತಿರ ಒಬ್ಬರು ನಿಂತಿರಲೇಬೇಕು. ಸಂಜೆ ನಾಲ್ಕಕ್ಕೆ ಹೊರಟು ನಿಂತ. ಸೂರ್ಯ ಮುಳುಗೋದರೊಳಗೆ ಸ್ನಾನ, ಊಟ, ಪ್ರಾರ್ಥನೆ.

ನಾನು ಅಷ್ಟೊತ್ತಿಗೆ ಬ್ಯಾಗಿಂದ ಕುಂಕುಮದ ಡಬ್ಬಿ, ನಿಂಬೆಹಣ್ಣು ತೆಗೆದಿದ್ದೆ. ಹಿಂದಿನ ರಾತ್ರಿ ಅಮ್ಮ ಫೋನಲ್ಲಿ ಎರಡು ಸಲ ಹೇಳಿದ್ದಳು. ಸೈಕಲ್ಲುಗಳಿಗೆ ಬೊಟ್ಟಿಟ್ಟೆ. ಸಾಮಾನು ತುಂಬಿದ ವ್ಯಾನಿಗೆ ಇಟ್ಟೆ. ಟೇಪು ಕತ್ತರಿಸೋ ಕತ್ತರಿಗೂ ಇಟ್ಟೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಇದೇನು?"

ಹೇಳಿದೆ. ಇವತ್ತು ನವಮಿ, ನಾಳೆ ದಶಮಿ, ಹತ್ತನೇ ದಿನ.

"ನಾಳೆ? ನಮಗೂ ನಾಳೆ ಹತ್ತನೇ ದಿನ." ಸ್ವಲ್ಪ ಹೊತ್ತು ನಿಂಬೆಹಣ್ಣನ್ನೇ ನೋಡಿದ. "ಮೇ ತಿಂಗಳಲ್ಲೇ ನಿನಗೆ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?"

"ನಮ್ಮ ಹಬ್ಬದಲ್ಲಿ ಉಪವಾಸ ಇಲ್ಲ, ಊಟ ಇದೆ. ರೇಸಿಗೆ ತೊಂದರೆ ಇಲ್ಲ" ಅಂದೆ. ನಕ್ಕ, ಆದರೆ ಪೂರ್ತಿ ನಗಲಿಲ್ಲ. ವ್ಯಾನ್ ಮುಂದಕ್ಕೆ ತೆಗೆದಾಗ ಪಚಕ್ ಅಂತು.

ಶನಿವಾರ ಶಾರ್ಟ್ ಟ್ರ್ಯಾಕ್ ಚೆನ್ನಾಗಿ ಆಯಿತು. ಹೇಳೋಕೆ ಜಾಸ್ತಿ ಏನಿಲ್ಲ. ಒಂದು ಸರಪಳಿ ಕಿತ್ತುಹೋಯಿತು, ಒಬ್ಬಳ ಮೊಣಕೈ ತರಚಿತು, ಅಷ್ಟೇ. ಕತ್ತಲಾದ ಮೇಲೆ ನಾನು ಟೆಂಟಿನಲ್ಲಿ ಕೂತು ಮರುದಿನದ ನಂಬರ್ ಪ್ಲೇಟು ಜೋಡಿಸ್ತಿದ್ದೆ. ಅವನು ಒಂದು ಡಬ್ಬ ತುಂಬ ಬೇಗಲ್ ಅನ್ನೋ ಉಂಗುರದಂಥ ಬ್ರೆಡ್ ತಂದ, ಮನೆಯಲ್ಲಿ ಉಪವಾಸ ಮುರಿದಾಗ ಉಳಿದದ್ದು. ನನ್ನ ಹತ್ತಿರ ರೂಮಲ್ಲಿ ಕಲಸಿಕೊಂಡು ಬಂದಿದ್ದ ಪುಳಿಯೋಗರೆ. ಅವನಿಗೆ ಖಾರ ಜಾಸ್ತಿ ಆಯಿತು. ಆದರೂ ಪೂರ್ತಿ ತಿಂದ. ನಾಳೆ ಒಂದೂವರೆ ಗಂಟೆ ತುಳೀಬೇಕಲ್ಲ.

ಭಾನುವಾರ ಅವನು ಗೆಲ್ಲಲಿಲ್ಲ. ಮೂರನೇ ಸುತ್ತಿನವರೆಗೂ ಮುಂದಿದ್ದ, ಆಮೇಲೆ ಕಾಲು ಬಿಟ್ಟುಕೊಟ್ಟವು. ಆರನೆಯವನಾಗಿ ಬಂದು ಹುಲ್ಲಿನ ಮೇಲೆ ಮಲಗಿಬಿಟ್ಟ. ನಾನು ಸಿ ದರ್ಜೆಯಲ್ಲಿ ಕೊನೆಯಿಂದ ಎರಡನೆಯವನು. ನನ್ನ ಹಿಂದೆ ಬಂದವನ ಟಯರು ಪಂಕ್ಚರ್ ಆಗಿತ್ತು.

ಪೆನ್ಸಿಲ್ವೇನಿಯಾದವರ ವ್ಯಾನ್ ಹೊರಟಾಗ ಐದೂಕಾಲು. ನಾವು ಟೇಪು ಬಿಚ್ಚಿ, ಟೆಂಟು ಮಡಚಿ, ಕಸ ತುಂಬಿ ಮನೆ ಸೇರಿದಾಗ ಒಂಬತ್ತೂವರೆ. ಮಲಗೋಕೆ ಮನಸ್ಸಾಗಲಿಲ್ಲ. ಹನ್ನೆರಡೂವರೆಗೆ ಫೋನ್ ಮಿನುಗಿತು. "ತಲುಪಿದ್ವಿ" ಅಂತ ಆ ಹುಡುಗನ ಮೆಸೇಜು. ಅದರ ಕೆಳಗೇ ಇನ್ನೊಂದು: "ಮುಂದಿನ ವರ್ಷ ಆ 23ರ ವಾರಾಂತ್ಯ ನೀವೇ ಇಟ್ಕೊಳ್ಳಿ. ಟಾಯ್ಲೆಟ್ ಹೇಗೂ ಬಂದುಬಿಡುತ್ತೆ."