ರಸ್ತೆ ತಿರುಗುವುದೇ ಇಲ್ಲ

ಶಿರಸಿ, ಜೂನ್ 29, 2025, ಭಾನುವಾರ

ಬೆಳಗಿನಿಂದ ಮಳೆ ಹಿಡಿದು ಕೂತಿದೆ. ಕರೆಂಟು ಹೋಗುತ್ತಾ ಬರುತ್ತಾ ಇದೆ. ಆರ್ಕೇಡ್ (ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರ) ಮಾದರಿಯ ರೇಸಿಂಗ್ ಗೇಮಿಗೆ ಹೇಳಿ ಮಾಡಿಸಿದ ದಿನ. ಒಂದು ಆಟಕ್ಕೆ ಐದಾರು ನಿಮಿಷ ಸಾಕು, ಅಷ್ಟು ಹೊತ್ತು ಇನ್ವರ್ಟರ್ ತಡೆಯುತ್ತದೆ.

‘ಅದರಲ್ಲಿ ಕಾರು ನಿಜವಾದ ಕಾರಿನ ಹಾಗೆ ಓಡುವುದೇ ಇಲ್ಲ’ ಎನ್ನುವುದು ಈ ಗೇಮುಗಳ ಮೇಲಿನ ಹಳೇ ದೂರು. ಓಡಬೇಕಾಗಿಯೂ ಇಲ್ಲ. ದೇವಿಮನೆ ಘಟ್ಟದಲ್ಲಿ ಹೊಟ್ಟೆ ತೊಳಸುವುದು, ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದು, ಕ್ಲಚ್ಚಿನ ಸುಟ್ಟ ವಾಸನೆ, ಇದನ್ನೆಲ್ಲ ಸೋಸಿ ತೆಗೆದು ತಿರುವಿನ ಸುಖ ಒಂದನ್ನೇ ಉಳಿಸಿಕೊಂಡ ಆಟ ಇದು. ಆ ಸೋಸುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಸೆಗಾ ಕಂಪನಿಗೆ ಯು ಸುಜುಕಿ 1986ರಲ್ಲಿ ಮಾಡಿದ ‘ಔಟ್ ರನ್’ ನೋಡಬೇಕು.

ಅದರಲ್ಲಿ ರಸ್ತೆ ತಿರುಗುವುದೇ ಇಲ್ಲ. ಪರದೆಯಲ್ಲಿ ಇರುವುದು 224 ಅಡ್ಡಗೆರೆ. ದಿಗಂತದ ಕೆಳಗಿನ ಒಂದೊಂದು ಗೆರೆಯ ಮೇಲೂ ರಸ್ತೆಯ ಒಂದು ತೆಳು ಪಟ್ಟಿ ಬಿಡಿಸುತ್ತಾರೆ, ಹತ್ತಿರದ್ದು ಅಗಲ, ದೂರದ್ದು ಕಿರಿದು. ಬಲ ತಿರುವು ಬೇಕಾದಾಗ ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಪಟ್ಟಿಗಳನ್ನು 1, 3, 6, 10 ಎಂದು ಹೆಚ್ಚುಹೆಚ್ಚು ಬಲಕ್ಕೆ ಸರಿಸುತ್ತಾರೆ. ಸ್ವಂತ ಗೇಮ್ ಬರೆಯಲು ಕೂತವರು ಮೊದಲು ಎಡವುವುದು ಇಲ್ಲೇ. 1, 2, 3, 4 ಎಂದು ಸಮನಾಗಿ ಸರಿಸಿದರೆ ರಸ್ತೆ ಬಾಗುವುದಿಲ್ಲ, ಬರೀ ವಾಲುತ್ತದೆ. ಅಂಚಿನ ಕೆಂಪು-ಬಿಳಿ ಪಟ್ಟೆಗಳನ್ನು ಒಂದೇ ಎತ್ತರಕ್ಕೆ ಬಿಡಿಸುವುದು ಎರಡನೇ ತಪ್ಪು. ದಿಗಂತದ ಹತ್ತಿರ ಹೋದ ಹಾಗೆ ಅವು ಸಣ್ಣದಾಗದಿದ್ದರೆ ಮರಕ್ಕೆ ಒರಗಿಸಿಟ್ಟ ಏಣಿಯಂತೆ ಕಾಣುತ್ತವೆ.

ಇಷ್ಟಾದರೂ ಅದು ಬರೀ ಚಿತ್ರ. ಸ್ಟಿಯರಿಂಗ್ ಮುಟ್ಟದೆ ಕೂತರೂ ಕಾರು ತಿರುವು ದಾಟಿಬಿಡುತ್ತದೆ, ಯಾಕೆಂದರೆ ಲೆಕ್ಕದಲ್ಲಿ ರಸ್ತೆ ನೆಟ್ಟಗೇ ಇದೆ. ಹಾಗಾಗಿ ಒಂದು ಸುಳ್ಳು ಬಲ ಸೇರಿಸುತ್ತಾರೆ: ವೇಗ ಮತ್ತು ತಿರುವಿನ ಬಿಗಿ ಎರಡನ್ನೂ ಗುಣಿಸಿ, ಬಂದಷ್ಟು ಕಾರನ್ನು ಹೊರ ಅಂಚಿಗೆ ತಳ್ಳುವುದು. ಜೊತೆಗೆ ಹಿಂದಿನ ಗುಡ್ಡಗಳ ಚಿತ್ರ ತಿರುವಿನ ಎದುರು ದಿಕ್ಕಿಗೆ ಜಾರುತ್ತದೆ. ಆಡುವವನು ಆ ತಳ್ಳಾಟಕ್ಕೆ ಎದುರಾಗಿ ಕೈ ಕೊಡುತ್ತಾನೆ, ಮೈಯೂ ತಾನಾಗಿ ಒಳಕ್ಕೆ ವಾಲುತ್ತದೆ. ನಿಜವಾದ ಕಾರಿನ ನೂರು ಸಂಗತಿಗಳಲ್ಲಿ ಇದೊಂದನ್ನು ಹಿಡಿದರೆ ಸಾಕು ಎಂದು ಕಂಡುಕೊಂಡದ್ದೇ ದೊಡ್ಡ ಜಾಣತನ.

ವೇಗದ ಅನುಭವವೂ ಹೀಗೇ ಕಟ್ಟಿದ್ದು. ಅಂಕೋಲಾ ಹತ್ತಿರ ಹೆದ್ದಾರಿ 66ರ ಚತುಷ್ಪಥದಲ್ಲಿ 80ರಲ್ಲಿ ಹೋದರೂ ತೂಕಡಿಕೆ ಬರುತ್ತದೆ. ಅಡಿಕೆ ತೋಟದ ನಡುವಿನ ಕಿರುದಾರಿಯಲ್ಲಿ 40ಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಕಣ್ಣು ವೇಗ ಅಳೆಯುವುದು ಪಕ್ಕದಲ್ಲಿ ಸರಿಯುವ ಕಂಬ, ಮರಗಳಿಂದ. ಅದಕ್ಕೇ ಒಳ್ಳೆಯ ಆರ್ಕೇಡ್ ಗೇಮಿನಲ್ಲಿ ರಸ್ತೆಯಂಚಿಗೆ ತಾಗಿಕೊಂಡೇ ಮರ, ಫಲಕ, ಸುರಂಗ ಇರುತ್ತವೆ. ಕ್ಯಾಮೆರಾ ನೆಲಕ್ಕೆ ಹತ್ತಿರ ಇರುತ್ತದೆ. ತುಸು ಹೊತ್ತು ವೇಗ ಏರಿಸುವ ನೈಟ್ರೋ ಒತ್ತಿದಾಗ ನೋಟದ ಕೋನ ಅಗಲವಾಗುತ್ತದೆ. ವೇಗಮಾಪಕದ ಅಂಕಿ ಏರುವುದಕ್ಕಿಂತ ಹೆಚ್ಚು ಕೆಲಸ ಅದರದ್ದು. ಆಯ್ಕೆ ಇದ್ದರೆ ಕಾರಿನ ಮೂತಿಯಿಂದ ನೋಡಿದಂತೆ ತೋರಿಸುವ ಬಂಪರ್ ಕ್ಯಾಮೆರಾದಲ್ಲಿ ಆಡಿ ನೋಡಬೇಕು, ಅದೇ ಕಾರು ಬೇರೆಯಾಗಿ ಕಾಣುತ್ತದೆ.

ಇನ್ನು ಡ್ರಿಫ್ಟ್, ಎಂದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿಸುವುದು. ನಾಮ್ಕೊ ಕಂಪನಿಯ ‘ರಿಡ್ಜ್ ರೇಸರ್’ (1993) ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ: ತಿರುವಿಗೆ ಮುಂಚೆ ಆಕ್ಸಿಲರೇಟರ್ ಬಿಡು, ಸ್ಟಿಯರಿಂಗ್ ತಿರುಗಿಸು, ಹಿಂಭಾಗ ಜಾರಿತು ಎಂದಾಗ ಮತ್ತೆ ಒತ್ತು. ಹೊಸಬರು ತಿರುವಿನೊಳಗೆ ಹೋದ ಮೇಲೆ ಶುರುಮಾಡುತ್ತಾರೆ, ಹೊರಗೋಡೆಗೆ ಬಡಿಯುತ್ತಾರೆ. ಜಾರಲು ಶುರುವಾದ ಮೇಲೂ ಪೂರ್ತಿ ತಿರುಗಿಸಿಯೇ ಹಿಡಿದರೆ ಒಳಗೋಡೆ ಗತಿ. ಎದುರು ದಿಕ್ಕಿಗೆ ಚೂರುಚೂರು ತಟ್ಟುತ್ತಾ ಹೋಗಬೇಕು. ಪುಕ್ಕಟೆ ಸಿಗುವ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುವ ‘ಸೂಪರ್‌ಟಕ್ಸ್‌ಕಾರ್ಟ್’ನಲ್ಲಿ ಜಾರಿಸಲು ಬೇರೆಯೇ ಕೀಲಿ ಇದೆ. ಕಿಡಿ ಹಾರುವ ತನಕ ಅದನ್ನು ಒತ್ತಿ ಹಿಡಿದು, ಮೂತಿ ನೇರವಾಗುವ ಹೊತ್ತಿಗೆ ಬಿಟ್ಟರೆ ಮುಂದಕ್ಕೆ ಒಂದು ನೂಕು ಸಿಗುತ್ತದೆ. ಬೇಗ ಬಿಟ್ಟರೆ ಏನೂ ಇಲ್ಲ.

ಎದುರಾಳಿಗಳ ವಿಷಯದಲ್ಲಿ ಮಾತ್ರ ಇಂಥ ಗೇಮುಗಳು ಮೋಸ ಮಾಡುತ್ತವೆ ಎನ್ನಲೇಬೇಕು. ಮುಂದಿರುವವನನ್ನು ಹಿಂದಿನ ಗಾಡಿಗಳು ರಬ್ಬರ್ ಕಟ್ಟಿದ ಹಾಗೆ ಬೆನ್ನಟ್ಟಿ ಬರುತ್ತವೆ. ಅಂಥ ಗೇಮಿನಲ್ಲಿ ಮೊದಲ ಸುತ್ತಿನಲ್ಲೇ ನೈಟ್ರೋ ಖಾಲಿ ಮಾಡುವುದು ದಂಡ, ಕೊನೆಯ ಸುತ್ತಿಗೆ ಉಳಿಸಬೇಕು. ‘ಔಟ್ ರನ್’ನಲ್ಲಿ ಈ ರಗಳೆ ಇಲ್ಲ, ಎದುರಾಳಿ ಗಡಿಯಾರ ಮಾತ್ರ. ಒಟ್ಟು 15 ಹಂತ, ಆದರೆ ಒಂದು ಆಟಕ್ಕೆ ಸಿಗುವುದು ಐದು. ಮೊದಲ ನಾಲ್ಕು ಹಂತಗಳ ಕೊನೆಗೆ ಎಡ-ಬಲ ಕವಲು, ತಲುಪುವ ಗುರಿ ಐದರಲ್ಲಿ ಒಂದು. ಸೋತವನು ಮತ್ತೆ ನಾಣ್ಯ ಹಾಕುವುದು ಆ ಇನ್ನೊಂದು ಕವಲಿನ ಆಸೆಗೆ. 2004ರ ‘ಬರ್ನೌಟ್ 3’ ಅಪಾಯವನ್ನೇ ಸಂಬಳ ಮಾಡಿತು. ಎದುರು ದಿಕ್ಕಿನ ಸಾಲಿನಲ್ಲಿ ಓಡಿಸಿದರೆ, ಗಾಡಿಗಳಿಗೆ ತಾಗಿಯೂ ತಾಗದಂತೆ ಹಾದರೆ ಬೂಸ್ಟ್ (ವೇಗದ ಹೆಚ್ಚುವರಿ ನೂಕು) ತುಂಬುತ್ತದೆ. (ಘಟ್ಟದ ಕೆಲವು ಬೈಕ್ ಸವಾರರು ಇದನ್ನು ಊರಲ್ಲೇ ಆಡುತ್ತಾರೆ, ಬೂಸ್ಟ್ ಸಿಕ್ಕಿದ್ದು ಕಾಣೆ.)

ಇವೆಲ್ಲ ನಿಂತಿರುವುದು ಕೈಗೂ ಕಣ್ಣಿಗೂ ನಡುವಿನ ತಾಳದ ಮೇಲೆ. ಗಂಟೆಗೆ 250 ಕಿ.ಮೀ. ಎಂದರೆ ಸೆಕೆಂಡಿಗೆ 69 ಮೀಟರ್. ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿದರೂ ಕಾರು ಸುಮಾರು 7 ಮೀಟರ್ ಮುಂದೆ ಹೋಗಿರುತ್ತದೆ. ಟಿವಿಯಲ್ಲಿ ಈ ತಡ ಕಡಿಮೆ ಮಾಡುವ ‘ಗೇಮ್ ಮೋಡ್’ ಹಾಕದೆ ಡ್ರಿಫ್ಟ್ ಬರುವುದಿಲ್ಲ ಎಂದು ಗೊಣಗಿ ಪ್ರಯೋಜನವಿಲ್ಲ. ಗ್ರಾಫಿಕ್ಸ್ ಇಳಿಸಿಯಾದರೂ ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಉಳಿಸಿಕೊಳ್ಳುವುದು ಲೇಸು. ನೆರಳು ಮೊದಲು ಬಂದ್ ಮಾಡಬೇಕು, ಹೆಚ್ಚು ಎಳೆಯುವುದು ಅದೇ.

ಅಗ್ಗದ ಕೀಬೋರ್ಡಿನ ತೊಂದರೆ ಬೇರೆ. ಕೀಲಿಗಳ ತಂತಿ ಅಡ್ಡ-ಉದ್ದ ಜಾಲವಾಗಿರುವುದರಿಂದ ಕೆಲವು ಮೂರು ಕೀಲಿ ಒಟ್ಟಿಗೆ ಒತ್ತಿದರೆ ಮೂರನೆಯದು ದಾಖಲಾಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ಮೇಲಿನ ಬಾಣ, ಎಡ ಬಾಣ ಹಿಡಿದುಕೊಂಡೇ ಸೂಪರ್‌ಟಕ್ಸ್‌ಕಾರ್ಟ್‌ನಲ್ಲಿ ಜಾರಿಸುವ ‘ವಿ’ ಕೀಲಿ ಒತ್ತಿ, ಅಕ್ಷರ ಮೂಡದಿದ್ದರೆ ಆಯಿತು, ಡ್ರಿಫ್ಟ್ ತಪ್ಪುತ್ತಿದ್ದುದು ಅದಕ್ಕೇ. ಆ ಕೆಲಸವನ್ನು ಕಂಟ್ರೋಲ್ ಅಥವಾ ಶಿಫ್ಟ್ ಕೀಲಿಗೆ ಕೊಡಬಹುದು, ಸಾಮಾನ್ಯವಾಗಿ ಅವುಗಳ ದಾರಿ ಬೇರೆ. ಶಿಫ್ಟ್ ಆದರೆ ಐದು ಸಲ ತಟ್ಟಿದ ಕೂಡಲೇ ವಿಂಡೋಸ್ ‘ಸ್ಟಿಕಿ ಕೀಸ್’ ಬೇಕೇ ಎಂದು ಆಟದ ನಡುವೆ ಬಂದು ಕೇಳುತ್ತದೆ, ಅದನ್ನು ಮೊದಲೇ ಬಂದ್ ಮಾಡಿರಬೇಕು.

ಮೊಬೈಲಿನವರಿಗೆ: ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಫೋನ್ ಕಾದು, ತನ್ನನ್ನು ಕಾಯ್ದುಕೊಳ್ಳಲು ವೇಗ ಇಳಿಸುತ್ತದೆ, ಚಿತ್ರ ತಡವರಿಸುತ್ತದೆ. ಕಾರವಾರ, ಕುಮಟಾ ಕಡೆಯ ಸೆಕೆಗೆ ಬೆರಳು ಬೆವರಿ ಪರದೆ ಕೈಮಾತು ಕೇಳುವುದಿಲ್ಲ, ಅಲ್ಲಿ ಫೋನ್ ವಾಲಿಸಿ ಆಡುವುದೇ ಅನುಕೂಲ. ಕಡಲಬದಿಯಲ್ಲಿ ಗೇಮ್‌ಪ್ಯಾಡಿನ ಯುಎಸ್‌ಬಿ ಪಿನ್ನಿಗೆ ಉಪ್ಪುಗಾಳಿ ಕಿಲುಬು ಹಿಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಬೇಕು. ಕೈ ಬಿಟ್ಟರೂ ಕಾರು ಒಂದೇ ಕಡೆ ಎಳೆಯುತ್ತಿದ್ದರೆ ಸ್ಟಿಕ್ಕಿನ ಒಳಗಿನ ಇಂಗಾಲದ ಪಟ್ಟಿ ಸವೆದಿದೆ ಎಂದರ್ಥ. ಡೆಡ್ ಝೋನನ್ನು (ಸ್ಟಿಕ್ ತುಸು ಅಲುಗಿದರೂ ಗೇಮ್ ಲೆಕ್ಕಕ್ಕೆ ಹಿಡಿಯದ ನಡುಭಾಗ) ಶೇ. 10ರ ತನಕ ಏರಿಸಿ ನೋಡಬಹುದು. ಅದಕ್ಕಿಂತ ಹೆಚ್ಚಿಸಿದರೆ ಸಣ್ಣ ತಿದ್ದುಪಡಿಗಳು ಕಾರಿಗೆ ಮುಟ್ಟುವುದೇ ಇಲ್ಲ.

ಮತ್ತೆ ಕರೆಂಟು ಹೋಯಿತು.